ಸಾವಿಗೆ ಅನುಮತಿಯಿಲ್ಲದ ಶಾಲೆ

ಬಹಳ ಹಿಂದೆ, ಅಂದರೆ ರಾಜನ ಫೋಟೊ ಇಲ್ಲದ ಪತ್ರಿಕೆಯನ್ನು ಬೋಂಡ ಕಟ್ಟಲೂ ಯಾರೂ ಮುಟ್ಟದಿದ್ದ ಕಾಲದಲ್ಲಿ, ಮಾಣಿಕ್ಯದ್ವೀಪವೆಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ಪ್ರಶಸ್ತಿಸೇನ. ಹೊಳೆಯ ಮೇಲ್ಭಾಗದ ದಟ್ಟ ಕಾಡಿನಲ್ಲಿ ಮೂಲನಿವಾಸಿಗಳ ಹಾಡಿಯೊಂದಿತ್ತು. ಅಲ್ಲಿ ಶಾಲೆ ಇರಲಿಲ್ಲ. ಈ ಸಂಗತಿ ನೆರೆರಾಜ್ಯದವರ ಸಮೀಕ್ಷೆಯಲ್ಲಿ ಬಂದದ್ದರಿಂದ ಮಹಾರಾಜನಿಗೆ ಬಹಳ ನೋವಾಯಿತು.

ಹಾಡಿಯ ಅಂಜಾಂಗ್ ಎಂಬ ಅಜ್ಜಿಯನ್ನು ಆಸ್ಥಾನಕ್ಕೆ ಕರೆಸಿದರು. ಮೊಮ್ಮಗಳು ತಿಜಾ ಓದು ಕಲಿಯಬೇಕೆಂಬುದು ಅಜ್ಜಿಗಿದ್ದ ಒಂದೇ ಆಸೆ.

"ಸ್ವಾಮಿ, ಕಟ್ಟಡ ಬ್ಯಾಡ. ಒಬ್ರು ಮೇಷ್ಟ್ರನ್ನ ಕೊಡಿ ಸಾಕು," ಎಂದಳು. "ನಮ್ಮಲ್ಲಿ ಯಾರಾದ್ರೂ ಸತ್ರೆ ಆ ಜಾಗದಲ್ಲಿ ಇರೋ ಹಾಗಿಲ್ಲ. ಹಾಡೀನೇ ಬಿಟ್ಟು ಬೇರೆ ಕಡೆ ಗುಡ್ಲು ಹಾಕ್ತೀವಿ. ಮೇಷ್ಟ್ರಾದ್ರೆ ನಮ್ ಜೊತೆ ನಡ್ಕೊಂಡು ಬರ್ತಾರೆ."

ವಿದ್ಯಾಮಂತ್ರಿ ಉದ್ಘಾಟನಾನಂದ ಬೆಚ್ಚಿಬಿದ್ದ. "ಪ್ರಭು, ಮೇಷ್ಟ್ರ ಮೇಲೆ ತಮ್ಮ ಹೆಸರಿನ ಶಿಲೆ ಕೂರಿಸೋದು ಹೇಗೆ? ರಿಬ್ಬನ್ ಎಲ್ಲಿ ಕಟ್ಟೋದು?"

"ನಿನ್ನ ದೂರದೃಷ್ಟಿಗೆ ಮೆಚ್ಚಿದೆ," ಎಂದ ರಾಜ.

ಕಾಡಿನಲ್ಲಿ ಭವ್ಯ ಸ್ಮಾರ್ಟ್ ವಿದ್ಯಾಮಂದಿರ ಎದ್ದಿತು. ಉದ್ಘಾಟನೆಯ ವಾರದಲ್ಲೇ ಮುದುಕ ಬುಸು ತೀರಿಕೊಂಡ. ಹಾಡಿಯವರು ಅತ್ತು, ಗಂಟುಮೂಟೆ ಕಟ್ಟಿ, ಗುಡ್ಡದಾಚೆ ಹೊರಟುಹೋದರು. ಶಾಲೆಯಲ್ಲಿ ಹಲ್ಲಿಗಳ ಹಾಜರಾತಿ ಮಾತ್ರ ಚೆನ್ನಾಗಿತ್ತು.

"ಪ್ರಾಜೆಕ್ಟ್ ನಡೆಯುವಾಗ ಸಾಯುವುದೆಂದರೇನು?" ರಾಜ ಗುಡುಗಿದ.

ಮಂತ್ರಿ ಕೈಮುಗಿದ. "ತಪ್ಪು ತಮ್ಮ ಶಾಲೆಯದಲ್ಲ ಪ್ರಭು, ಸಾವಿನದು. ಅದನ್ನೇ ನಿಷೇಧಿಸಿಬಿಡೋಣ."

ಡಂಗುರ ಸಾರಿದರು. ಶಾಲಾ ವ್ಯಾಪ್ತಿಯಲ್ಲಿ ಪೂರ್ವಾನುಮತಿಯಿಲ್ಲದೆ ಯಾರೂ ಸಾಯತಕ್ಕದ್ದಲ್ಲ. ಸತ್ತಲ್ಲಿ ಮೃತರ ಮೇಲೆ ಶಿಸ್ತುಕ್ರಮ, ಅವರ ಮನೆಯ ಮಕ್ಕಳಿಗೆ ಶಾಲೆ ಬಂದ್. ಸತ್ತವನ ಜಾಗಕ್ಕೆ ಮರಳಲು ಹೆದರಿ ನಡುಗುತ್ತಿದ್ದ ಜನರನ್ನು ಭಟರು ದೂಡಿಕೊಂಡು ಬಂದರು. ಆಸ್ಥಾನ ಇದನ್ನು ಜನಜಾಗೃತಿ ಎಂದು ಕರೆಯಿತು.

ಮಳೆಗಾಲದಲ್ಲಿ ಅಂಜಾಂಗ್ ಅಜ್ಜಿಗೆ ಕೆಮ್ಮು ಹಿಡಿಯಿತು. ತಾನು ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಾಯಿತು. ಒಬ್ಬಳೇ ಹೋಗಿ ಬಿದಿರಿನ ತೆಪ್ಪ ಹತ್ತಿದಳು. ತಿಜಾ ಹಿಂದೆಯೇ ಓಡಿಬಂದಳು.

"ಎಲ್ಲಿಗಜ್ಜಿ?"

"ಶಾಲೆ ಗಡಿಯಾಚೆ. ನಾನಿಲ್ಲೇ ಸತ್ರೆ ನಿನ್ ಓದು ನಿಂತೋಗುತ್ತೆ ಮಗಾ. ಇವತ್ತೇನು ಕಲ್ತೆ?"

"ಎದ್ದು ನಿಂತು ರಾಜರಿಗೆ ಜೈ ಅನ್ನೋದು. ಮೇಷ್ಟ್ರು ಇನ್ನೂ ಬಂದಿಲ್ಲ."

"ಬರ್ತಾರೆ ಬಿಡು," ಎಂದು ಅಜ್ಜಿ ಕೋಲು ಊರಿದಳು. ಇದನ್ನು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ. ಆಸ್ಥಾನದಲ್ಲಿ ಯಾರಿಗೂ ಹಾಗಾದ ವರದಿಯಿಲ್ಲ.

ಡಂಗುರದ ನಂತರ ಆ ವರ್ಷ ಶಾಲಾ ವ್ಯಾಪ್ತಿಯಲ್ಲಿ ಒಂದೂ ಸಾವು ದಾಖಲಾಗಲಿಲ್ಲ. ಮಹಾರಾಜನಿಗೆ 'ಮೃತ್ಯುಂಜಯ ವಿದ್ಯಾಪೋಷಕ' ಎಂಬ ಬಿರುದನ್ನು ಮಹಾರಾಜನೇ ದಯಪಾಲಿಸಿದ. ಸಮಾರಂಭಕ್ಕೆ ತಿಜಾಳನ್ನು ಕರೆತಂದು ವಂದನಾರ್ಪಣೆಯ ಹಾಳೆಯನ್ನು ಕೈಗಿತ್ತರು. ಅವಳು ಅದನ್ನು ಬಹಳ ಹೊತ್ತು ನೋಡಿದಳು.

"ಇದ್ರಲ್ಲಿ ನಮ್ಮಜ್ಜಿ ಹೆಸ್ರು ಎಲ್ಲೈತೆ?"

"ಅದೆಲ್ಲ ಯಾಕೆ ಪುಟ್ಟಿ? ಜೈ ಅನ್ನು, ಸಾಕು," ಎಂದ ಮಂತ್ರಿ.

ತಿಜಾ ಜೈ ಅಂದಳು. ಆಸ್ಥಾನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು.