ಮೀಸೆಗೆ ದರ್ಜೆಯಿಲ್ಲ

ಒಂದು ಮಂಗಳವಾರ, ಊಟದ ವಿರಾಮ ಮುಗಿದು ಎಲ್ಲರೂ ಇನ್ನೂ ಊಟ ಮಾಡುತ್ತಿದ್ದ ಹೊತ್ತಿನಲ್ಲಿ, ಕಚೇರಿಯಲ್ಲಿ ಸೃಜನಶೀಲತೆ ಜಾರಿಗೆ ಬಂತು. ಸೂಚನಾ ಫಲಕಕ್ಕೆ ಅಂಟಿಸಿದ ಪ್ರಕಟಣೆ ಹೀಗಿತ್ತು:

"ಎಲ್ಲ ನೌಕರರಿಗೆ ತಿಳಿಸುವುದೇನೆಂದರೆ, ತಾವು ಈ ತಿಂಗಳ ಕೊನೆಯೊಳಗೆ ಹವ್ಯಾಸವೊಂದನ್ನು ಹೊಂದತಕ್ಕದ್ದು. ಈಗಾಗಲೇ ಹೊಂದಿರುವವರು ಸದರಿ ಹವ್ಯಾಸವನ್ನು ಯಾರ ಅನುಮತಿಯಿಂದ ಹೊಂದಿದ್ದರು ಎಂಬುದಕ್ಕೆ ವಿವರಣೆ ನೀಡತಕ್ಕದ್ದು. ಆಯ್ದ ಕೃತಿಗಳನ್ನು ಮುಖ್ಯ ಹಜಾರದ ಗೋಡೆಗೆ ತೂಗುಹಾಕಲಾಗುವುದು. ಕುಟುಂಬದವರು ಬಂದು ಸಂತೋಷಪಡಲು ಅವಕಾಶವಿದೆ."

ಟಪಾಲು ವಿಭಾಗದ ಗುಮಾಸ್ತರಿಗೆ ಚಿತ್ರ ಬರೆಯುವ ಹುಚ್ಚು ಮೊದಲಿನಿಂದಲೂ ಇತ್ತು. ಹರಿದ ಲಕೋಟೆಗಳ ಹಿಂಬದಿಯಲ್ಲಿ ಬಂದು ಹೋಗುವವರ ಮೂಗು, ಕಿವಿ, ಕೊಡೆಗಳನ್ನು ಬರೆಯುತ್ತ ಕೂರುತ್ತಿದ್ದರು. "ಅನುಮತಿಯಿಲ್ಲದೆ, ತಿಳಿಯದೆ ಹೊಂದಿದ್ದೆ" ಎಂದು ವಿವರಣೆ ಬರೆದುಕೊಟ್ಟು, ಸಂಜೆ ನೇರವಾಗಿ ಅತ್ತಿಗೆಯ ಮನೆಗೆ ಹೋದರು.

ಗುಮಾಸ್ತರ ಅಣ್ಣ ಅದೇ ಕಚೇರಿಯಲ್ಲಿ ಅಟೆಂಡರ್ ಆಗಿದ್ದ. ನಿರ್ದೇಶಕರ ಬಾಗಿಲ ಪಕ್ಕ, ಅದೇ ಹಜಾರದಲ್ಲಿ, ಗಂಟೆ ಬಾರಿಸುವುದನ್ನೇ ಕಾಯುತ್ತ ನಿಂತು ಆಯುಷ್ಯ ಕಳೆದವನು. ಹೋದ ವರ್ಷ ತೀರಿಕೊಂಡಿದ್ದ.

ಅತ್ತಿಗೆ ಹುರುಳಿಕಾಯಿಯ ನಾರು ತೆಗೆಯುತ್ತಲೇ ಕೇಳಿಸಿಕೊಂಡರು.

"ನಿಮ್ಮಣ್ಣನ್ನ ಬರೀತೀಯೇನೋ?"

"ಬರೀತೀನಿ ಅತ್ತಿಗೆ. ಇನ್ಯಾರನ್ನ ಬರೀಲಿ."

"ಇಷ್ಟು ವರ್ಷ ಆ ಗೋಡೆಗೆ ಒರಗಿ ನಿಂತ್ರು. ಒಂದಿನ ಗೋಡೆ ಮೇಲೇ ಇರಲಿ. ನಾನೇ ಬಂದು ನೋಡ್ಕೊಂಡು ಹೋಗ್ತೀನಿ. ಹಲ್ಲು ಮಾತ್ರ ತೋರಿಸಬೇಡಪ್ಪ, ಅವರಿಗೆ ನಗೋಕೆ ಬರ್ತಿರಲಿಲ್ಲ."

ಅಣ್ಣನದೆಂದು ಉಳಿದಿದ್ದ ಫೋಟೊ ಗುರುತಿನ ಚೀಟಿಯದೊಂದೇ. ಅದರಲ್ಲಿ ಕಚೇರಿಯ ಮೊಹರು ಸರಿಯಾಗಿ ಗಲ್ಲದ ಮೇಲೆ ಬಿದ್ದಿತ್ತು. ಹಾಗಾಗಿ ಗಲ್ಲವನ್ನು ನೆನಪಿನಿಂದಲೇ ಬರೆಯಬೇಕಾಯಿತು. ಗುಮಾಸ್ತರು ಪೆನ್ಸಿಲನ್ನು ಸೂಜಿಯಂತೆ ಚೂಪು ಮಾಡಿಕೊಂಡರು. ಬರೆದು, ಒರೆಸಿ, ಹೆಬ್ಬೆರಳಿನಿಂದ ತೀಡಿ, ಕೊನೆಗೊಂದು ಗಲ್ಲವನ್ನು ಹಿಡಿದರು. ಅಂಗಿಯ ತೋಳೆಲ್ಲ ಮಸಿಯಾದರೂ ಚಿತ್ರ ಚೆನ್ನಾಗಿ ಬಂದಿತ್ತು.

ಪ್ರದರ್ಶನದ ಜವಾಬ್ದಾರಿ ಹೊತ್ತಿದ್ದ ಮೇಲ್ವಿಚಾರಕಿ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಪೆನ್ಸಿಲ್ ಅಲ್ವೇನ್ರೀ ಇದು?"

"ಹೌದು ಮೇಡಂ."

"ಪೆನ್ಸಿಲ್‌ನಲ್ಲಿದ್ರೆ ಅದು ಕರಡು. ಕರಡನ್ನ ಗೋಡೆಗೆ ಹಾಕಿದ್ರೆ ನಾಳೆ ಯಾರಾದ್ರೂ ರಬ್ಬರ್ ತಗೊಂಡು ಬಂದು ತಿದ್ದಿದ್ರೆ ಯಾರು ಜವಾಬ್ದಾರಿ?"

"ಯಾರು ಮೇಡಂ ತಿದ್ತಾರೆ, ನಮ್ಮಣ್ಣನ ಮುಖಾನ?"

"ಅದನ್ನೇ ನಾನೂ ಕೇಳ್ತಿರೋದು. ಶಾಯಿಯಲ್ಲಿ ಬರೆದು ತನ್ನಿ."

ಗುಮಾಸ್ತರು ಶಾಯಿಯಲ್ಲಿ ಬರೆದರು. ಶಾಯಿ ಪೆನ್ಸಿಲಿನಷ್ಟು ಒಳ್ಳೆಯದಲ್ಲ, ಬಿದ್ದಲ್ಲೇ ಬೀಳುತ್ತದೆ. ಎಡಗಿವಿ ಒಂದು ಗೆರೆ ಆಚೆ ಹೋಯಿತು, ಹುಬ್ಬು ದಪ್ಪವಾಯಿತು, ಕುತ್ತಿಗೆಯನ್ನು ಎರಡು ಸಲ ಹೊಡೆದುಹಾಕಿ ಬರೆಯಬೇಕಾಯಿತು. ಮೇಲ್ವಿಚಾರಕಿ ಆಕ್ಷೇಪಿಸಲಿಲ್ಲ. ತಿದ್ದಿದ ಕಡೆಯಲ್ಲೆಲ್ಲ ನಿಯಮದಂತೆ ಕಿರುಸಹಿ ಹಾಕಲು ಹೇಳಿದರು, ಅಷ್ಟೇ. ಗುಮಾಸ್ತರು ಕಿವಿಯ ಪಕ್ಕ, ಹುಬ್ಬಿನ ಮೇಲೆ, ಗಂಟಲಿನ ಗಂಟಿನ ಹತ್ತಿರ ಕಿರುಸಹಿ ಹಾಕಿ, ದಿನಾಂಕ ನಮೂದಿಸಿ, ದೂರ ಹಿಡಿದು ನೋಡಿದರು. ಅಣ್ಣನಿಗೆ ಮೈಮೇಲೆಲ್ಲ ಗುಳ್ಳೆ ಎದ್ದಂತೆ ಕಾಣುತ್ತಿತ್ತು. ಅದನ್ನು ಮಡಚಿ ಜೇಬಿಗಿಟ್ಟುಕೊಂಡರು.

"ತಿದ್ದಿದ್ದು ಗೊತ್ತೇ ಆಗಬಾರದು ಅಂದ್ರೆ ಟ್ಯಾಬ್‌ನಲ್ಲಿ ಬರಿ ಅಪ್ಪ" ಎಂದಳು ಮನೆಯಲ್ಲಿ ಅದನ್ನು ನೋಡಿದ ಮಗಳು.

ಹೀಗೆ ಗುಮಾಸ್ತರು ಗಾಜಿನ ಮೇಲೆ ಬರೆಯಲು ಕೂತರು. ಪೆನ್ನು ಎಣ್ಣೆ ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ ಜಾರುತ್ತಿತ್ತು. ಅಂಗೈ ಊರಿದರೆ ಅಂಗೈಯೂ ಏನೋ ಬರೆಯುತ್ತಿತ್ತು. ಒಂದು ಸಂಜೆ ಪೂರ್ತಿ ಕೂತು ಮರದ ಕೊಂಬೆಯಷ್ಟು ದೊಡ್ಡ ಗೆರೆಯೊಂದನ್ನು ಮನಸ್ಸಿಟ್ಟು ಬರೆದರು. ಮಗಳು ಎರಡು ಬೆರಳಿನಿಂದ ಚಿತ್ರವನ್ನು ಕುಗ್ಗಿಸಿ ತೋರಿಸಿದಾಗ ಅದು ಹುಬ್ಬಿನ ಒಂದು ಕೂದಲಾಗಿತ್ತು.

"ತಪ್ಪಾದ್ರೆ ಹೀಗೆ ತಟ್ಟು. ಹಿಂದಕ್ಕೆ ಹೋಗುತ್ತೆ."

"ಎಷ್ಟು ಹಿಂದಕ್ಕೆ?"

"ಎಷ್ಟು ಬೇಕಾದ್ರೂ."

ಗುಮಾಸ್ತರು ತಟ್ಟಿದರು. ಹುಬ್ಬು ಹೋಯಿತು. ತಟ್ಟಿದರು, ಮೂಗು ಹೋಯಿತು. ತಟ್ಟುತ್ತಲೇ ಹೋದರು. ಪರದೆ ಬೆಳ್ಳಗಾಯಿತು.

"ಇನ್ನೂ ಹಿಂದಕ್ಕೆ ಹೋಗಲ್ವಾ?"

"ಅಲ್ಲಿಂದಾಚೆ ಏನೂ ಇಲ್ಲಪ್ಪ. ನೀನು ಶುರು ಮಾಡಿದ್ದೇ ಅಲ್ಲಿಂದ."

ಗುಮಾಸ್ತರು ಇನ್ನೊಂದು ಸಲ ತಟ್ಟಿ ನೋಡಿದರು. ಆಮೇಲೆ ಮೊದಲಿನಿಂದ ಬರೆಯಲು ಶುರು ಮಾಡಿದರು.

ಈ ಸಲ ಮಗಳು ಪದರಗಳನ್ನು ಹೇಳಿಕೊಟ್ಟಳು. ಮುಖಕ್ಕೊಂದು ಪದರ, ಕೂದಲಿಗೊಂದು, ಮೀಸೆಗೊಂದು, ಅಂಗಿಗೊಂದು. ಒಂದು ಕೆಟ್ಟರೆ ಇನ್ನೊಂದಕ್ಕೆ ಅಂಟುವುದಿಲ್ಲ. ಎಲ್ಲವನ್ನೂ ಒಂದರ ಮೇಲೊಂದು ಇಟ್ಟಾಗ ಅಣ್ಣ ಗಂಟೆಯ ಸದ್ದಿಗೆ ಕಿವಿಗೊಟ್ಟವನಂತೆ ನಿಂತಿದ್ದ. ಹಲ್ಲು ಕಾಣುತ್ತಿರಲಿಲ್ಲ.

ಮೇಲ್ವಿಚಾರಕಿ ಅದನ್ನು ಕಂಪ್ಯೂಟರಿನಲ್ಲಿ ತೆರೆಸಿದರು. ಪರದೆಯ ಅಂಚಿನಲ್ಲಿ ಪದರಗಳ ಸಾಲು ಕಾಣಿಸಿತು.

"ಒಬ್ಬರಿಗೆ ಒಂದೇ ಕೃತಿ ಅಂತ ನಿಯಮ ಇದೆಯಲ್ರೀ. ನೀವು ನಾಲ್ಕು ಕೊಟ್ಟಿದ್ದೀರಿ."

"ಒಂದೇ ಮೇಡಂ. ಒಂದರ ಮೇಲೊಂದು ಇದೆ."

"ಕಡತಗಳೂ ಒಂದರ ಮೇಲೊಂದು ಇರ್ತವೆ. ಅದಕ್ಕೆ ಅವನ್ನೆಲ್ಲ ಒಂದೇ ಕಡತ ಅಂತೀವಾ?"

"ಹಾಗಾದ್ರೆ ವಿಲೀನ ಮಾಡಿಕೊಡ್ತೀನಿ. ಒಂದು ನಿಮಿಷದ ಕೆಲಸ."

ಮೇಲ್ವಿಚಾರಕಿ ಕನ್ನಡಕ ತೆಗೆದರು. ವಿಲೀನ ಎಂಬ ಮಾತನ್ನು ಆ ಕಚೇರಿಯಲ್ಲಿ ಯಾರೂ ಸುಮ್ಮನೆ ಆಡುತ್ತಿರಲಿಲ್ಲ. ಹಿಂದೊಮ್ಮೆ ಎರಡು ಶಾಖೆಗಳನ್ನು ವಿಲೀನ ಮಾಡಿದಾಗ ಇಬ್ಬರು ಮುಖ್ಯಸ್ಥರು ಒಂದೇ ಕುರ್ಚಿಯಲ್ಲಿ ಪಾಳಿಯ ಮೇಲೆ ಕೂತಿದ್ದರು.

"ವಿಲೀನಕ್ಕೆ ಕೇಂದ್ರ ಕಚೇರಿಯ ಆದೇಶ ಬೇಕು. ಮುಖಕ್ಕೂ ಮೀಸೆಗೂ ವಿಲೀನ ಅಂದ್ರೆ, ಯಾವುದು ಯಾವುದರ ಅಧೀನ ಅಂತ ಕೇಳ್ತಾರೆ. ಏನು ಹೇಳ್ತೀರಿ?"

ಮೇಲ್ವಿಚಾರಕಿ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಒಂದು ಪದರ ಆರಿಸಿಕೊಳ್ಳಿ."

"ಮುಖ" ಎಂದರು ಗುಮಾಸ್ತರು.

"ಆ ಗೋಡೆ ಮೇಲೆ ಮುಖ ಇರಬೇಕಂದ್ರೆ ನಿರ್ದೇಶಕರ ದರ್ಜೆಯಾದ್ರೂ ಇರಬೇಕು. ನಿಮ್ಮಣ್ಣ ಅಟೆಂಡರ್."

"ಅಂಗಿ?"

"ಸಮವಸ್ತ್ರ. ಇಲಾಖೆಯ ಸ್ವತ್ತು. ತೀರಿಕೊಂಡ ಮೇಲೆ ವಾಪಸ್ ಕೊಡಬೇಕಾಗಿತ್ತು, ಕೊಟ್ಟಿದ್ದೀರಾ?"

"ಕೂದಲು?"

"ಕೂದಲು ಮಾತ್ರ ಹಾಕಿದ್ರೆ ಅಸಹ್ಯ ಅಲ್ವೇನ್ರೀ? ನಿರ್ದೇಶಕರಿಗೆ ತಲೆ ಬೋಳು. ತಪ್ಪು ತಿಳ್ಕೋತಾರೆ."

ಗುಮಾಸ್ತರು ಪದರಗಳ ಸಾಲಿನಲ್ಲಿ ಉಳಿದದ್ದನ್ನು ನೋಡಿದರು. ಅತ್ತಿಗೆ ಬರುವ ದಿನ ಹತ್ತಿರವಾಗಿತ್ತು.

"ಮೀಸೆಗೆ ದರ್ಜೆ ಏನಾದ್ರೂ ಇದೆಯಾ ಮೇಡಂ?"

ಮೇಲ್ವಿಚಾರಕಿ ನಿಯಮಾವಳಿ ತಿರುವಿ ಹಾಕಿದರು. ಹಿಂದಿನಿಂದ ಮುಂದಕ್ಕೂ ನೋಡಿದರು.

"ಇಲ್ಲ. ಮೀಸೆಗೆ ದರ್ಜೆ ಇಲ್ಲ."

ಪ್ರದರ್ಶನದ ದಿನ ಬಿಳಿ ಹಾಳೆಯ ನಡುವೆ ಒಂದು ಮೀಸೆ, ಚೌಕಟ್ಟಿನೊಳಗೆ, ಹಜಾರದ ಗೋಡೆಗೆ ಬಂತು. ನಿರ್ದೇಶಕರು ದಾರ ಕತ್ತರಿಸಿ, ಮೀಸೆಯ ಮುಂದೆ ಸಾಕಷ್ಟು ಹೊತ್ತು ನಿಂತು, "ಇದರಲ್ಲಿ ಅನಗತ್ಯವಾದದ್ದು ಏನೂ ಇಲ್ಲ" ಎಂದರು. ಆ ಮಾತನ್ನು ಎಲ್ಲರೂ ಬರೆದುಕೊಂಡರು. ಲೆಕ್ಕಶಾಖೆಯವರು ಯಾರ ಮೀಸೆಯೆಂದು ಕೇಳಿದಾಗ ಮೇಲ್ವಿಚಾರಕಿ, "ಸಂಬಂಧಪಟ್ಟವರದು" ಎಂದರು. ಲೆಕ್ಕಶಾಖೆಯವರು ಸಮಾಧಾನಗೊಂಡು ಕೈಮುಗಿದರು.

ಪ್ರದರ್ಶನ ಮುಗಿದ ಮೇಲೆ ಉಳಿದ ಚಿತ್ರಗಳನ್ನೆಲ್ಲ ಇಳಿಸಿದರು. ಮೀಸೆಯನ್ನು ಇಳಿಸಲಾಗಲಿಲ್ಲ. ದರ್ಜೆಯಿಲ್ಲದ್ದನ್ನು ಇಳಿಸುವ ಅಧಿಕಾರ ಯಾವ ದರ್ಜೆಯವರಿಗೆ ಎಂಬುದು ನಿಯಮಾವಳಿಯಲ್ಲಿ ಇರಲಿಲ್ಲ. ವರ್ಗಾವಣೆ, ನಿವೃತ್ತಿಗಳೂ ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಅದಕ್ಕೆ ವಂದಿಸಿ ಒಳಗೆ ಹೋಗುವ ರೂಢಿ ಬಂತು. ತಡವಾಗಿ ಬಂದವರು ಅದರ ಮುಂದೆ ತಲೆ ತಗ್ಗಿಸಿ ನಡೆಯತೊಡಗಿದರು.

ಪ್ರದರ್ಶನದ ದಿನವೇ ಅತ್ತಿಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ಗುಮಾಸ್ತರು ಬಾಗಿಲಲ್ಲೇ ತಡೆದು, ಮುಖ ಯಾಕಿಲ್ಲವೆಂದು ಹೇಳಲು ಹೊರಟರು. ಅತ್ತಿಗೆ ಕೈಯಿಂದಲೇ ಸುಮ್ಮನಿರಿಸಿ ಮುಂದೆ ಹೋದರು. ನೋಡಿದರು.

"ಬಲಗಡೆ ಒಂಚೂರು ಚಿಕ್ಕದು ಮಾಡಿದ್ದೀಯ."

"ಅವನದು ಹಾಗೇ ಇತ್ತಲ್ಲ ಅತ್ತಿಗೆ."

"ಇತ್ತು. ಕನ್ನಡಿ ಆ ಕಡೆ ಒಡೆದಿತ್ತು, ಕಾಣದೆ ಜಾಸ್ತಿ ಕತ್ತರಿಸಿಬಿಡೋರು. ಬದಲಾಯಿಸೋಣ ಅಂತ ಹೇಳ್ತಾನೇ ಇದ್ದೆ."

ಅತ್ತಿಗೆ ಸೆರಗಿನಿಂದ ಚೌಕಟ್ಟಿನ ಅಂಚು ಒರೆಸಿದರು.

ಅದೇ ಗೋಡೆಯಲ್ಲಿದ್ದ ಹಿಂದಿನ ನಿರ್ದೇಶಕರ ಚಿತ್ರಗಳೆಲ್ಲ ಕತ್ತೆತ್ತಿ ನೋಡುವಷ್ಟು ಮೇಲಿದ್ದವು. ಆ ಸಾಲಿನಲ್ಲಿ ಜಾಗವಿಲ್ಲವೆಂದು ಮೀಸೆಗೆ ಕೆಳಗೆ ಮೊಳೆ ಹೊಡೆದಿದ್ದರು. ಅಣ್ಣ ನೆಟ್ಟಗೆ ನಿಂತರೆ ಮೀಸೆ ಅಷ್ಟೇ ಎತ್ತರಕ್ಕೆ ಬರುತ್ತಿತ್ತು.