ಗುರುತ್ವ ಅಲೆ ಬಹುಮಾನ ಸಮಿತಿಗೆ ಏಲಕ್ಕಿ ಆರಿಸುವವಳ ವಿಜ್ಞಾಪನೆ

ಗುರುತ್ವ ಅಲೆಗಳ ಕುರಿತ ಪಿಎಚ್‌.ಡಿ. ಪ್ರಬಂಧಕ್ಕೆ ವರ್ಷಕ್ಕೊಮ್ಮೆ ಬಹುಮಾನ ಕೊಡುವ ಸಮಿತಿಯ ಘನ ಅಧ್ಯಕ್ಷರಿಗೂ ಸದಸ್ಯರಿಗೂ, ಬೋಡಿನಾಯಕನೂರಿನ ಏಲಕ್ಕಿ ಮಂಡಿಯೊಂದರಲ್ಲಿ ಮೂವತ್ತೊಂದು ವರ್ಷದಿಂದ ಕಾಯಿ ಆರಿಸುತ್ತಿರುವ ಕಾಮಾಕ್ಷಿಯಮ್ಮಾಳ್ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೆಲ್ಲ ಕ್ಷೇಮವೆಂದೂ ತಮ್ಮ ಯಂತ್ರಗಳು ಅಲುಗಾಡದೆ ಇವೆಯೆಂದೂ ನಂಬಿದ್ದೇನೆ. ನಾವು ಮನೆಯಲ್ಲಿ ಆಡುವುದು ಕನ್ನಡ, ಬರೆಯುವುದು ತಮಿಳು. ತಮ್ಮ ಕಚೇರಿ ಬೆಂಗಳೂರಿನಲ್ಲಿರುವುದರಿಂದ, ಮೈಸೂರಿನಲ್ಲಿ ಇಪ್ಪತ್ತು ವರ್ಷ ಏಲಕ್ಕಿ ಮಾರಿ ಬಂದ ನೆಂಟ ಶಿವಬಾಲನ್ ನನ್ನ ಮಾತನ್ನು ತಿದ್ದಿ ಬರೆದುಕೊಟ್ಟಿದ್ದಾನೆ. ಸಿಟ್ಟು ಮಾತ್ರ ನನ್ನದೇ.

ನನ್ನ ಅಣ್ಣನ ಮಗಳು ಮುತ್ತುಸೆಲ್ವಿಯ ಪ್ರಬಂಧವನ್ನು ತಿರಸ್ಕರಿಸಿ ತಾವು ಬರೆದ ಪತ್ರವನ್ನು ಮೂರು ಸಲ ಓದಿಸಿ ಕೇಳಿದೆ. ಎಷ್ಟು ಮರ್ಯಾದೆಯ ಪತ್ರ! ಶ್ರಮ ಶ್ಲಾಘನೀಯ, ಆದರೆ ಅಭ್ಯರ್ಥಿಯು ಗದ್ದಲವನ್ನು ನಿವಾರಿಸಿದ್ದಾರೆಯೇ ಹೊರತು ಅಲೆಯನ್ನು ಪತ್ತೆ ಮಾಡಿಲ್ಲ ಎಂದಿದ್ದೀರಿ. ನಿಜವೇ. ಎಲ್ಲೋ ಆಕಾಶದಾಚೆ ಎರಡು ಕಪ್ಪುಕುಳಿಗಳು ಢಿಕ್ಕಿ ಹೊಡೆದರೆ ಇಲ್ಲಿ ಭೂಮಿ ಕೂದಲೆಳೆಗಿಂತಲೂ ಕಡಿಮೆ ನಡುಗುತ್ತದಂತೆ. ಅದನ್ನು ಹಿಡಿಯಬೇಕಾದ ಯಂತ್ರವೋ ಲಾರಿ ಹೋದರೂ, ಗುಡುಗಿದರೂ, ಗಾಳಿ ಬೀಸಿದರೂ ನಡುಗುತ್ತದಂತೆ. ಯಾವ ನಡುಕ ಸುಳ್ಳೆಂದು ಗುರುತಿಸಿ ತೆಗೆಯುವ ಕೆಲಸವನ್ನೇ ಅವಳು ಐದು ವರ್ಷ ಮಾಡಿದಳು. ಆ ಕಣ್ಣು ಅವಳಿಗೆ ಬಂದದ್ದು ಶಾಲೆಯ ರಜೆಯಲ್ಲಿ ನನ್ನ ಪಕ್ಕ ಕುಳಿತು ಒಡಕು, ಜೊಳ್ಳು, ಹುಳುಕು ಆರಿಸಿದ್ದರಿಂದ ಎಂಬುದು ನನ್ನ ಜಂಬ, ಕ್ಷಮಿಸಬೇಕು.

ಬಹುಮಾನ ಪಡೆದ ಮಹನೀಯರು ಅಲೆಯನ್ನು ಕಂಡದ್ದು ಮುತ್ತುಸೆಲ್ವಿ ಹಸನು ಮಾಡಿಕೊಟ್ಟ ದತ್ತಾಂಶದಲ್ಲಿ. ಅವರ ಪ್ರಬಂಧದ ನೂರ ನಲವತ್ತಮೂರನೆಯ ಪುಟದ ಅಡಿಟಿಪ್ಪಣಿಯಲ್ಲಿ 'ಸಹೋದ್ಯೋಗಿಗಳಿಗೆ' ಕೃತಜ್ಞತೆಯೂ ಇದೆ. ಇದು ನಮಗೆ ಹೊಸತಲ್ಲ. ಹರಾಜಿನಲ್ಲಿ ಕಾಯಿ ಮಿಂಚಿದರೆ ಹಾರ ಬೀಳುವುದು ತೋಟದ ಯಜಮಾನರ ಕೊರಳಿಗೆ. ಮೊರ ಹಿಡಿದವಳ ಕೊರಳನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ.

ಪದವಿ ಪಡೆದ ವರ್ಷವೇ ಅರ್ಜಿ ಹಾಕಬೇಕೆಂಬುದು ತಮ್ಮ ನಿಯಮವಾದ್ದರಿಂದ ಅವಳಿಗೆ ಇನ್ನೊಂದು ಅವಕಾಶವಿಲ್ಲ. ಫೋನಿನಲ್ಲಿ ನಗುತ್ತಲೇ, "ಬುಡತ್ತೆ, ಅವ್ರಿಗೆ ಅಲೆ ಬೇಕಂತೆ, ನಾ ಕುಪ್ಪೆ ಕಸ ಗುಡಿಸ್ದೋಳು" ಅಂದಳು. ಆ ನಗು ಕೇಳಿದ ದಿನವೇ ಶಿವಬಾಲನ್‌ನನ್ನು ಕರೆಸಿ ಈ ಪತ್ರ ಬರೆಸಲು ಕುಳಿತೆ.

ಆದಕಾರಣ ಗೆದ್ದವರ ಪ್ರಶಸ್ತಿಪತ್ರದಲ್ಲಿ ಅವಳ ಹೆಸರನ್ನೂ ಬರೆಯಬೇಕೆಂದು ಬೇಡುತ್ತೇನೆ. ಅದು ಕಷ್ಟವಾದರೆ, ಅವಳು ತೆಗೆದ ಲಾರಿ, ಗುಡುಗು, ಗಾಳಿಯನ್ನೆಲ್ಲ ದತ್ತಾಂಶಕ್ಕೆ ಮರಳಿ ಸುರಿದು, ಅಲೆಯನ್ನು ಇನ್ನೊಮ್ಮೆ ಕಂಡು ತೋರಿಸುವಂತೆ ಗೆದ್ದವರನ್ನು ಕೋರಬೇಕು. ಅದೂ ಆಗದಿದ್ದರೆ, ಮುಂದಿನ ವರ್ಷದ ಆಯ್ಕೆಯನ್ನು ಕಂಬಂನಲ್ಲಿರುವ ನಮ್ಮ ಕುಲದ ದೇವರ ದನದ ಮಂದೆಗೆ ಒಪ್ಪಿಸಿಬಿಡಿ. ಅಲ್ಲಿ ಹೋರಿಗಳ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ, ಮೊದಲು ಬಾಯಿ ಹಾಕಿದ್ದೇ ಮಂದೆಯ ರಾಜ. ಇದುವರೆಗೆ ಯಾವ ಹೋರಿಗೂ ವಿಷಾದದ ಪತ್ರ ಬಂದಿಲ್ಲ.

ತಮ್ಮ ವಿಶ್ವಾಸಿ,
ಕಾಮಾಕ್ಷಿಯಮ್ಮಾಳ್

ಮರೆತ ಮಾತು: ಸಮಿತಿಯ ಚಹಾಕ್ಕೆಂದು ಅರ್ಧ ಕಿಲೋ ಏಲಕ್ಕಿ ಕಳಿಸಿದ್ದೇನೆ. ತಮ್ಮ ತತ್ವಕ್ಕೆ ಗೌರವ ಕೊಟ್ಟು ಏನನ್ನೂ ಆರಿಸಿಲ್ಲ. ಕಲ್ಲು, ಕಡ್ಡಿ, ಹುಳು ಎಲ್ಲ ಇದ್ದ ಹಾಗೆಯೇ ಇವೆ. ಆರಿಸುವುದು ಬಹುಮಾನಕ್ಕೆ ತಕ್ಕ ಕೆಲಸವಲ್ಲವಾದ್ದರಿಂದ, ಸದಸ್ಯರು ಯಾರೂ ಅದಕ್ಕೆ ಕೈ ಹಚ್ಚದೆ, ಹಾಗೆಯೇ ಕುಟ್ಟಿ ಕುದಿಸಿ ಕುಡಿಯಬೇಕೆಂದು ಕೋರುತ್ತೇನೆ.