ತುಳಿದರೂ ನಿಲ್ಲದ ಮಾತು

ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರು ಗೋದಾಮಿನ ಗುಮಾಸ್ತರನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಇವತ್ತು ತಪಾಸಣೆ ಸಾಹೇಬ್ರು ಬರ್ತಾರೆ. ನಿಮ್ಮ ಬಾಯಿಗಂತೂ ಬೀಗ ಇಲ್ಲ. ನಾನು ಪಕ್ಕದಲ್ಲೇ ಕೂತಿರ್ತೀನಿ. ಮೇಜಿನ ಕೆಳಗೆ ಕಾಲು ತುಳಿದ ತಕ್ಷಣ ಸುಮ್ಮನಾಗ್ಬಿಡಿ. ತಿಳೀತಾ?"

"ತಿಳೀತು ಸಾರ್."

ತಿಳಿದದ್ದು ತಲೆಗೆ ಮಾತ್ರ, ಕಾಲಿಗೆ ತಿಳಿಯುವುದಿಲ್ಲ ಎಂದು ಹೇಳಲು ಗುಮಾಸ್ತರಿಗೆ ಧೈರ್ಯ ಬರಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದಗಳ ನರ ಸೋತು ಎರಡು ವರ್ಷವಾಗಿತ್ತು. ರಕ್ತ ಸರಿಯಾಗಿ ಇಳಿಯದೆ ಬೆರಳುಗಳು ಮಂಜುಗಡ್ಡೆ. ಚಪ್ಪಲಿ ಕಳಚಿ ಬಿದ್ದರೂ ಹಿಂದಿನಿಂದ ಯಾರಾದರೂ ಕೂಗಿ ಹೇಳಬೇಕು. ದಿನಾ ಬೆಳಿಗ್ಗೆ ಹೆಂಡತಿ ಕನ್ನಡಕ ಹಾಕಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಅವರ ಅಂಗಾಲಿನಲ್ಲಿ ಗಾಯ ಹುಡುಕುತ್ತಿದ್ದಳು. ಆಫೀಸಿಗೆ ಗೊತ್ತಾದರೆ ಕೆಲಸಕ್ಕೇ ಸಂಚಕಾರವೆಂದು ಗುಟ್ಟಾಗಿಟ್ಟಿದ್ದರು.

ಸಾಹೇಬರು ಬಂದು ಕೂತು, "ಗೋದಾಮು ಸೋರುತ್ತಾ?" ಎಂದರು.

"ಹಿಂದಿನ ಗೋಡೆ ಮಾತ್ರ ಸಾರ್."

ಮ್ಯಾನೇಜರು ತುಳಿದರು.

"ನಿನ್ನೆ ತಾನೇ ಸುಣ್ಣ ಬಳಿದು ಮುಚ್ಚಿದ್ವಿ."

ಇನ್ನೂ ಬಲವಾಗಿ ತುಳಿದರು.

"ಇಲಿ ಕಾಟನೂ ಇದೆ. ಹರಿದ ಮೂಟೆನೆಲ್ಲ ಮ್ಯಾನೇಜರ್ ರೂಮಲ್ಲಿ ಪರದೆ ಹಿಂದೆ ಪೇರಿಸಿದೀವಿ."

ಮ್ಯಾನೇಜರು ಈಗ ಹಳೇ ಹೊಲಿಗೆ ಯಂತ್ರ ತುಳಿಯುವವರ ಹಾಗೆ ಎರಡೂ ಕಾಲಲ್ಲಿ ಶುರುಮಾಡಿದರು. ಮೇಜು ಅಲುಗಿ ಟೀ ಚೆಲ್ಲಿತು. ಪಕ್ಕದ ಮೇಜಿನ ಟೈಪಿಸ್ಟಮ್ಮ "ಅಯ್ಯೋ, ಭೂಕಂಪ!" ಎಂದು ಎದ್ದು ನಿಂತರು. ಗುಮಾಸ್ತರು ಮಾತ್ರ ನಗುನಗುತ್ತಾ ತೂಕ ಸರಿಯಿಲ್ಲದ ತಕ್ಕಡಿಯ ವಿಷಯಕ್ಕೆ ಬಂದಿದ್ದರು.

ಸಾಹೇಬರು ಮೇಜಿನ ಕೆಳಗೆ ಇಣುಕಿದರು. "ಏನ್ರೀ ಇದು! ಇವರು ಇಷ್ಟು ತುಳೀತಿದ್ರೂ ನಿಮಗೆ ನೋವಾಗ್ತಿಲ್ವಾ?"

ಗುಮಾಸ್ತರೂ ಬಗ್ಗಿ ನೋಡಿದರು. ತಮ್ಮ ಎಡಗಾಲಿನ ಬೂಟು ಚಪ್ಪಟೆಯಾಗಿತ್ತು. ಇನ್ನು ಮುಚ್ಚಿಟ್ಟು ಫಲವಿಲ್ಲ.

"ಇಲ್ಲ ಸಾರ್... ನನ್ನ ಪಾದಕ್ಕೆ ನೋವೇ ಗೊತ್ತಾಗಲ್ಲ. ಎರಡು ವರ್ಷ ಆಯ್ತು," ಎಂದವರೇ ಕಣ್ಣು ಮುಚ್ಚಿಕೊಂಡರು. ಕೆಲಸ ಹೋಯಿತೆಂದುಕೊಂಡರು.

ಸಾಹೇಬರು ಎದ್ದು ಬಂದು ಅವರ ಕೈ ಕುಲುಕಿದರು.

"ಸುಳ್ಳು ಹೇಳೋಕೂ ಬರಲ್ಲ, ಕಾಲೂ ನೋಯಲ್ಲ! ನನ್ನ ತಪಾಸಣೆ ತಂಡಕ್ಕೆ ನಿಮ್ಮಂಥವರೇ ಬೇಕಾಗಿತ್ತು ಕಣ್ರೀ. ದಿನಕ್ಕೆ ಹನ್ನೆರಡು ಗೋದಾಮು, ಎಲ್ಲಾ ನಡೆದೇ ನೋಡ್ಬೇಕು. ಬಂದೋರೆಲ್ಲ ವಾರಕ್ಕೇ ಕಾಲುನೋವು ಅಂತ ಓಡಿಹೋಗ್ತಾರೆ."

"ಸಾರ್, ಅದು ಕಾಯಿಲೆ..." ಎಂದು ಗುಮಾಸ್ತರು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರು ವರ್ಗಾವಣೆ ಕಾಗದಕ್ಕೆ ಸಹಿ ಹಾಕಿ, ಮೊಹರನ್ನೂ ಒತ್ತಿಬಿಟ್ಟಿದ್ದರು.